ಸಣ್ಣ ಖೋಲಿಗೆ ದೊಡ್ಡ ಡಬ್ಬಿ ಯಾಕ?

ನಮ್ಮ ಕಡೆ ಮನೆ ಖೋಲಿ ಅಂದ್ರ 10 ಫೂಟು ಅಗಲ, 12 ಫೂಟು ಉದ್ದ. ಅದರೊಳಗೇ ಮಂಚ, ಅಲಮಾರಿ, ಮೂಲ್ಯಾಗ ಎರಡು ತೊಗರಿ ಚೀಲ. ಇಂಥ ಖೋಲಿಯೊಳಗ ಈಗ ಎದಿಮಟದ ಸೌಂಡ್ ಡಬ್ಬಿಗಳು ಬಂದು ಕುಂತಾವ. ತೊಗರಿ ರೊಕ್ಕ ಕೈಗೆ ಬಂದ ವಾರವೇ ಹುಡುಗರು ಜಹೀರಾಬಾದಿಗೋ, ನಾರಾಯಣಖೇಡಕ್ಕೋ, ತಾಂಡೂರಿಗೋ ಹೋಗುತ್ತಾರೆ. ಬರುವಾಗ ಆಟೋದಾಗ ಕೆಂಪು ನೀಲಿ ಲೈಟು ಮಿಣುಕುವ ಡಬ್ಬಿ ಇರುತ್ತದ. ರೊಕ್ಕ ಸಾಲದಿದ್ದರ ಕಂತು. ಆ ದಿನದಿಂದ ಆ ಮನ್ಯಾಗ ಹಾಡು ಕೇಳೂದು ನಿಂತು, ಗುದ್ದು ಕೇಳೂದು ಸುರುವಾಗುತ್ತದ.

ಇದು ತಪ್ಪು ಅಂತ ಹೇಳಲಾಕ ಈ ಬರಹ ಬರದೀನಿ. ಸಿಟ್ಟು ಬಂದವರು ಪೂರಾ ಓದಿ, ಆಮ್ಯಾಲ ಜಗಳಕ್ಕ ಬರ್ರಿ. ನಾನು ಏಳನೇ ಕ್ಲಾಸು ಕಲಿತ ಒಕ್ಕಲಿಗ. ಮಶಿನ್ನಿನ ಪಂಡಿತ ಅಲ್ಲ. ಆದರ ನಲವತ್ತು ವರ್ಷ ಏಕತಾರಿ, ದಮ್ಮಡಿ ಹಿಡಿದು ಭಜನಿ ಪದ ಹಾಡೀನಿ. ಯಾವ ಜಾಗಾದಾಗ ದನಿ ನಿಲ್ಲತದ, ಯಾವ ಜಾಗಾದಾಗ ಒಡೀತದ ಅನ್ನೂದು ನನ್ನ ಗಂಟಲಿಗೆ ಗೊತ್ತದ. ಉಳಿದ ಲೆಕ್ಕ ಶಾಲೆಯ ವಿಜ್ಞಾನದ ಮಾಸ್ತರರನ್ನ ಕೇಳಿ ತಿಳಕೊಂಡೀನಿ. ನಾನು ಹೇಳೂದು ಇಷ್ಟೇ: ಸಣ್ಣ ಖೋಲಿಗೆ ಎರಡು ಸಣ್ಣ ಡಬ್ಬಿಯ ಸ್ಟೀರಿಯೋ ಸೆಟ್ಟು ಸಾಕು. ಬರೇ ಸಾಕು ಅಲ್ಲ, ಅದೇ ಚಲೋ. ದೊಡ್ಡ ಡಬ್ಬಿ ಅಲ್ಲಿ ಹಾಡನ್ನ ನುಂಗತದ. ಹಾಡಿನಾಗಿನ ಮಾತು ಹೋದರ ನಮ್ಮಂಥ ಗಡಿ ಮಂದಿಗೆ ಉಳಿಯೂದು ಏನೂ ಇಲ್ಲ.

ಮೊದಲು ವಾಟಿನ ಸುಳ್ಳು ಬಿಡಿಸೋಣ. ಡಬ್ಬಿ ಮ್ಯಾಲ 5,000 ವಾಟ್, 10,000 ವಾಟ್ ಅಂತ ದೊಡ್ಡ ಅಕ್ಷರದಾಗ ಬರೆದಿರುತ್ತದ. ಪಕ್ಕದಾಗ ಇರುವಿ ಗಾತ್ರದಾಗ ಪಿ.ಎಂ.ಪಿ.ಓ. ಅಂತ ಇರುತ್ತದ. ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ನಿಲ್ಲದ ಶಕ್ತಿಯ ಲೆಕ್ಕ. ಅದನ್ನ ಅಳೆಯಲಾಕ ಎಲ್ಲರೂ ಒಪ್ಪಿದ ಒಂದು ಪದ್ಧತಿಯೂ ಇಲ್ಲ, ಕಂಪನಿಯವರು ಬರೆದದ್ದೇ ಅಂಕಿ. ನಾವು ಕೇಳಬೇಕಾದದ್ದು ಆರ್.ಎಂ.ಎಸ್. ವಾಟು. ಅಂದ್ರ ಸೆಟ್ಟು ತಡವಿಲ್ಲದೆ ದುಡಿಯುವ ಶಕ್ತಿ. ದುಕಾನದವರು ಹೇಳದಿದ್ದರ ಡಬ್ಬಿಯ ಬೆನ್ನು ತಿರುಗಿಸಿ ನೋಡ್ರಿ. ಅದು ಎಷ್ಟು ಕರೆಂಟು ತಿಂತದ ಅಂತ ಅಲ್ಲಿ ವಾಟಿನಾಗ ಬರೆದಿರುತ್ತದ. ಅಲ್ಲಿ 60 ವಾಟ್ ಇದ್ದರ, ತಿನ್ನೂದು 60 ವಾಟ್, ದುಡಿಯೂದು 5,000 ವಾಟ್ ಹ್ಯಾಂಗಾದೀತು? ಎತ್ತಿಗೆ ಒಂದು ಹಿಡಿ ಮೇವು ಹಾಕಿ ಒಂದೇ ದಿನದಾಗ ಹತ್ತು ಎಕರೆ ಹೊಡೆಸಿದೆ ಅಂದಂಗಾತು. ಎತ್ತಿನ ವಿಷಯದಾಗ ನಮಗ ಯಾರೂ ಮೋಸ ಮಾಡಲಾರರು. ಡಬ್ಬಿ ವಿಷಯದಾಗ ಯಾಕ ಕಣ್ಣು ಮುಚ್ಚತೀವಿ?

ಇನ್ನು ಖರೇ ವಾಟಾದರೂ ಎಷ್ಟು ಬೇಕು? ಇಬ್ಬರು ಎದುರು ಬದುರು ಕುಂತು ಮಾತಾಡುವ ದನಿ ಸುಮಾರು 60 ಡೆಸಿಬಲ್. ಸಾಧಾರಣ ಒಂದು ಸಣ್ಣ ಡಬ್ಬಿಗೆ ಒಂದೇ ಒಂದು ವಾಟು ಕೊಟ್ಟರ ಒಂದು ಮೀಟರ್ ದೂರದಾಗ 85 ಡೆಸಿಬಲ್ ಆಸುಪಾಸು ದನಿ ಬರುತ್ತದ. ಒಂದು ವಾಟಿಗೇ ಮಾತಿನ ದನಿ ಮುಚ್ಚಿ ಹೋತು! ಇನ್ನೊಂದು ಮಾತು ಕೇಳ್ರಿ. ವಾಟು ಎರಡು ಪಟ್ಟಾದರ ದನಿ ಎರಡು ಪಟ್ಟು ಆಗೂದಿಲ್ಲ. ಬರೇ 3 ಡೆಸಿಬಲ್ ಏರತದ, ಕಿವಿಗೆ ಅದು ತುಸು ಹೆಚ್ಚಾದಂಗ ಅನಿಸತದ ಅಷ್ಟೇ. ಕಿವಿಗೆ ಎರಡು ಪಟ್ಟು ಅನಿಸಬೇಕಾದರ ವಾಟು ಸುಮಾರು ಹತ್ತು ಪಟ್ಟು ಬೇಕು. ಅಂದಮ್ಯಾಲ 20 ವಾಟಿನ ಸೆಟ್ಟು ಬಿಟ್ಟು 40 ವಾಟಿನದು ತಂದವನು ಏನು ಗೆದ್ದ? ನಮ್ಮ ಖೋಲಿಗೆ ಒಂದೊಂದು ಡಬ್ಬಿಗೆ 20ರಿಂದ 30 ಖರೇ ವಾಟಿದ್ದರ ತಿರುವೂ ಗುಂಡಿಯನ್ನ ಅರ್ಧಕ್ಕಿಂತ ಮ್ಯಾಲ ಒಯ್ಯುವ ಕೆಲಸವೇ ಬೀಳೂದಿಲ್ಲ.

ಹಾಸಿಗಿ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳ್ಯಾರ. ದನಿಗೂ ಹಾಸಿಗಿ ಬೇಕು. ದನಿ ಒಂದು ಸೆಕೆಂಡಿಗೆ ಸುಮಾರು 1,125 ಫೂಟು ಓಡತದ. ಬೇಸ್ ಅಂತ ಹುಡುಗರು ಹುಚ್ಚಾಗ್ತಾರಲ್ಲ, ಆ ಕೆಳಗಿನ ದನಿ ಸೆಕೆಂಡಿಗೆ 56 ಸಲ ನಡುಗುವಂಥಾದ್ದಾದರ ಅದರ ಒಂದು ಅಲೆಯ ಉದ್ದ 20 ಫೂಟು. 10 ಫೂಟಿನ ಖೋಲಿಯೊಳಗ ಅದರ ಅರ್ಧವೇ ಹಿಡಿಯೂದು. ಅದು ಗ್ವಾಡಿಗೆ ಬಡಿದು ತಿರುಗಿ, ಬರುವ ಅಲೆಗೂ ಹೋಗುವ ಅಲೆಗೂ ಗಂಟು ಬಿದ್ದು ಒಂದೇ ಕಡೆ ನಿಂತು ಬಿಡತದ. ಆಗ ಗ್ವಾಡಿ ಬಾಜೂಕ ಕುಂತವನ ಎದಿ ನಡುಗತದ, ನಡಬರಕ ಕುಂತವನಿಗೆ ಅದೇ ದನಿ ಸಿಗೂದಿಲ್ಲ. ಒಂದು ಸ್ವರ ಉಬ್ಬತದ, ಮಗ್ಗಲ ಸ್ವರ ಬತ್ತತದ. ಖಾಲಿ ಹಗೇವಿನ ಬಾಯಾಗ ಮಾರಿ ಇಟ್ಟು ಕೂಗಿದವರಿಗೆ ಇದು ತಿಳೀತದ. ಎಲ್ಲ ದನಿಯೂ ಹಗೇವಿನಿಂದ ತಿರುಗಿ ಬರೂದಿಲ್ಲ, ಯಾವುದೋ ಒಂದು ಮಾತ್ರ ಗುಂಯ್ ಅಂತದ. ದೊಡ್ಡ ಬೇಸ್ ಡಬ್ಬಿ ತಂದು ಖೋಲಿಯ ಮೂಲ್ಯಾಗ ಇಟ್ಟರ ನಾವು ರೊಕ್ಕ ಕೊಟ್ಟು ಮನಿಯನ್ನ ಹಗೇವು ಮಾಡಿಕೊಂಡಂಗ.

ಅದಕ್ಕ ತಕ್ಕಂಗ ನಮ್ಮ ಮನಿಗಳೂ ಬದಲಾದವು. ಮೊದಲಿನ ಮಣ್ಣಿನ ಮಾಳಿಗಿ ಮನ್ಯಾಗ ದಪ್ಪ ಮಣ್ಣಿನ ಗ್ವಾಡಿ, ಸಾರಿಸಿದ ನೆಲ, ಮ್ಯಾಲ ಜಂತಿ, ಮಣ್ಣಿನ ಮೇಲ್ಮುದ್ದಿ ಇರುತ್ತಿತ್ತು. ಅಲ್ಲಿ ಏಕತಾರಿ ಮೀಟಿದರ ದನಿ ಮೆತ್ತಗ ಬಂದು ಮೆತ್ತಗ ಹೋಗತಿತ್ತು. ಈಗ ನೆಲಕ್ಕ ತಾಂಡೂರಿನ ಫರಸಿ, ಗ್ವಾಡಿಗೆ ಸಿಮಿಟಿನ ಗಿಲಾಯಿ, ಮ್ಯಾಲ ಸ್ಲ್ಯಾಬು, ಇಲ್ಲದಿದ್ದರ ತಗಡು. ಫರಸಿ ಚಲೋ ಕಲ್ಲು, ಬ್ಯಾಸಿಗ್ಯಾಗ ತಂಪು, ನಮ್ಮ ಮಂದಿಗೆ ಅನ್ನ ಕೊಟ್ಟ ಕಲ್ಲು. ಅದಕ್ಕ ನಾನು ಬೈಯೂದಿಲ್ಲ. ಆದರ ಅದು ದನಿ ಹೀರೂದಿಲ್ಲ, ಬಿದ್ದ ದನಿಯನ್ನ ತಿರುಗಿ ಒಗೀತದ. ಖಾಲಿ ಖೋಲಿಯಾಗ ನಿಂತು ಒಂದು ಚಪ್ಪಾಳಿ ಹೊಡೀರಿ. ಟಣ್ ಅಂತ ಬಾಲ ಹಚ್ಚಿಕೊಂಡು ಬಂದರ ಆ ಖೋಲಿಗೆ ದೊಡ್ಡ ದನಿ ತಡಕೊಳ್ಳೂ ತಾಕತ್ತಿಲ್ಲ ಅಂತ ತಿಳೀರಿ.

ಈಗ ಮುಖ್ಯ ಮಾತಿಗೆ ಬರ್ತೀನಿ. 1956ರ ನವೆಂಬರ್ 1ಕ್ಕ ರಾಜ್ಯಗಳ ಮರುವಿಂಗಡಣೆ ಆದಾಗ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕು, ಜಹೀರಾಬಾದ್ ತಾಲೂಕಿನ ಬಹುಭಾಗ ಮೆದಕ್ ಜಿಲ್ಲೆಗೆ ಹೋದವು. ಗುಲಬರ್ಗಾ ಜಿಲ್ಲೆಯ ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. ಈಗ ಸಂಗಾರೆಡ್ಡಿ, ವಿಕಾರಾಬಾದ್ ಜಿಲ್ಲೆ ಅಂತೀವಿ. ಅದರ ಬಗ್ಗೆ ನನ್ನ ತಕರಾರಿಲ್ಲ. ತೆಲುಗು ನಮಗ ಅನ್ನದ ಭಾಷೆ, ನೆರೆಯವರ ಭಾಷೆ. ಆದರ ನಮ್ಮ ಬಹಳ ಮಕ್ಕಳು ತೆಲುಗಿನಾಗ, ಇಂಗ್ಲಿಷಿನಾಗ ಓದುತ್ತಾರೆ. ಕನ್ನಡ ಅಕ್ಷರ ಅವರ ಕಣ್ಣಿಗೆ ಬೀಳೂದು ಕಡಿಮಿ. ಕನ್ನಡ ಅವರೊಳಗ ಹೋಗೂದು ಕಿವಿ ದಾರಿಯಿಂದ. ಅವ್ವನ ಬೀಸುವ ಪದ, ಅಜ್ಜನ ಹಂತಿ ಪದ, ಭಜನಿ ಗುಡಿಯ ತತ್ವಪದ, ಮೊಹರಮ್ಮಿನ ರಿವಾಯತು, ಕಲಬುರಗಿ ಆಕಾಶವಾಣಿಯ ಮಾತು ಇವೇ ಅವರ ಕನ್ನಡ ಶಾಲೆ.

ಆ ದಾರಿಗೆ ಅಡ್ಡ ಕಟ್ಟಿಗಿ ಇಡೂದು ಈ ಗುದ್ದು. ಯಾಕಂದ್ರ ಮಾತಿನ ಗುರುತು ಇರೂದು ವ್ಯಂಜನದಾಗ. ಕ, ಚ, ತ, ಪ, ಸ ಇವುಗಳ ಗುರುತು ತೆಳ್ಳನ್ನ ಮೇಲಿನ ದನಿಯಾಗ ಅದ, ಸೆಕೆಂಡಿಗೆ ಎರಡು ಸಾವಿರ, ನಾಕು ಸಾವಿರ ಸಲ ನಡುಗುವ ದನಿಯಾಗ. ಕೆಳಗಿನ ದಪ್ಪ ದನಿ ಜೋರಾದರ ಅದು ಮೇಲಿನ ತೆಳ್ಳನ್ನ ದನಿಯನ್ನ ಮುಚ್ಚತದ. ಇದು ಕಿವಿಯ ಸ್ವಭಾವ, ಯಾರ ಹಟವೂ ನಡೆಯೂದಿಲ್ಲ. ಆಗ ಪಾಪ ಯಾವುದು, ತಾಪ ಯಾವುದು ತಿಳಿಯೂದಿಲ್ಲ. ಎರಡೂ ಬರೇ ಆಪ ಆಪ ಅಂತ ಕೇಳತಾವ. ಕಡಕೋಳ ಮಡಿವಾಳಪ್ಪನವರ ಪದ ಇರಲಿ, ಅವರ ಶಿಷ್ಯ ಚೆನ್ನೂರು ಜಲಾಲಸಾಹೇಬರ ಪದ ಇರಲಿ, ಅವು ನಿಂತದ್ದು ಮಾತಿನ ಮ್ಯಾಲ. ತಾಳ ಆ ಮಾತಿಗೆ ಊರುಗೋಲು. ಈಗ ಊರುಗೋಲೇ ಮುಂದ ನಡೀತದ, ಮನುಷ್ಯಾ ಹಿಂದ ಬಿದ್ದಾನ. ಹಾಡು ಪೂರಾ ಮುಗಿದ ಮ್ಯಾಲ ಹುಡುಗನಿಗೆ ಕೇಳ್ರಿ, ಏನಂದ್ರಪಾ ಆ ಪದದಾಗ ಅಂತ. ಕೈಯಿಂದ ತಾಳ ಬಡಿದು ತೋರಸತಾನ. ಒಂದು ಮಾತು ಹೇಳಲಾಕ ಬರೂದಿಲ್ಲ. ಇದು ಹುಡುಗನ ತಪ್ಪಲ್ಲ. ಅವನಿಗೆ ನಾವು ಕೇಳಿಸಿದ್ದೇ ಅಷ್ಟು.

ಇಲ್ಲಿ ಹುಡುಗರು ಒಂದು ಮಾತು ಎತ್ತುತ್ತಾರೆ: ಕಾಕಾ, ಡೊಳ್ಳು, ಹಲಗಿ ನಮ್ಮವೇ ಅಲ್ಲೇನು, ಬೇಸ್ ಇಲ್ಲದ ಡೊಳ್ಳು ಡೊಳ್ಳೇನು? ಚಲೋ ಪ್ರಶ್ನೆ. ಉತ್ತರ ಹೇಳ್ತೀನಿ ತಮ್ಮ. ಡೊಳ್ಳು, ಹಲಗಿ ಎಲ್ಲಿ ಬಾರಸತಾರ? ಅಗಸಿ ಮುಂದ, ಗುಡಿ ಅಂಗಳದಾಗ, ಅಲಾಯಿ ಕುಣಿಯ ಸುತ್ತ, ಜಾತ್ರ್ಯಾಗ. ಆಕಾಶವೇ ಅದರ ಮಾಳಿಗಿ. ಝರಾಸಂಗದ ಕೇತಕಿ ಸಂಗಮೇಶ್ವರನ ಜಾತ್ರಿಗೆ ನಿಂತ ಡೊಳ್ಳಿನವರನ್ನ ಕರಕೊಂಡು ಬಂದು ಯಾರಾದರೂ ಅಡಗಿ ಮನ್ಯಾಗ ಬಾರಸ್ರಿ ಅಂತಾರೇನು? ಏಕತಾರಿ, ದಮ್ಮಡಿ ಒಳಗಿನವು, ಡೊಳ್ಳು ಹೊರಗಿನದು. ಹಿರಿಯರು ಜಾಗ ನೋಡಿ ವಾದ್ಯ ಮಾಡಿದರು. ನಾವು ದುಕಾನ ನೋಡಿ ಡಬ್ಬಿ ತರತೀವಿ. ಲಗ್ನಕ್ಕ, ಜಾತ್ರಿಗೆ ದೊಡ್ಡ ಸೆಟ್ಟು ಬೇಕಾದರ ಬಾಡಿಗಿಗೆ ತರ್ರಿ, ಒಂದು ದಿನದ ಕೆಲಸಕ್ಕ ಮನಿಯನ್ನೇ ಮಂಟಪ ಮಾಡಬ್ಯಾಡ್ರಿ.

ಇನ್ನು ಕೆಲವರು ಇದಕ್ಕ ಉಲ್ಟಾ. ಮೊಬೈಲಿನ ದನಿಯೇ ಸಾಕು, ಇಲ್ಲವೆ ಅಂಗೈ ಅಗಲದ ಒಂದು ಬ್ಲೂಟೂತ್ ಡಬ್ಬಿ ಸಾಕು ಅಂತಾರ. ಹೊಲದಾಗ ಕಳೆ ತೆಗೆಯುವಾಗ ಅದು ನಡೀತದ, ನಾನೂ ಒಪ್ಪತೀನಿ. ಮನ್ಯಾಗ ಕುಂತು ಕೇಳಲಾಕ ಎರಡು ಡಬ್ಬಿ ಬೇಕು. ದೇವರು ಎರಡು ಕಿವಿ ಕೊಟ್ಟಾನ. ದನಿ ಯಾವ ಕಡೆಯಿಂದ ಬಂತು ಅಂತ ಎರಡು ಕಿವಿಯ ನಡುವಿನ ಅಂತರದಿಂದ ನಮಗ ತಿಳೀತದ. 1931ರಲ್ಲಿ ಲಂಡನ್ನಿನ ಅಲನ್ ಬ್ಲಮ್ಲೈನ್ ಅನ್ನುವ ಎಂಜಿನಿಯರು ಈ ತತ್ವ ಹಿಡಿದು ಎರಡು ದಾರಿಯ ದನಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದೇ ಇವತ್ತಿನ ಸ್ಟೀರಿಯೋ. ಚಂದಾಗಿ ಇಟ್ಟ ಎರಡು ಡಬ್ಬಿಯ ನಡುವ ಕುಂತರ ಹಾಡುವವನು ಎದುರಿಗೆ ಕುಂತಂಗ ಅನಿಸತದ, ತಾಳ ಎಡಕ್ಕ, ಹಾರ್ಮೋನಿಯಂ ಬಲಕ್ಕ. ಒಂದರ ಬಾಯಿ ಇನ್ನೊಂದು ಮುಚ್ಚೂದಿಲ್ಲ. ಹಳೇ ಒಂಟಿ ದನಿಯ ರೆಕಾರ್ಡಾದರೂ ಮಾತು ನಡುವೇ ನಿಲ್ಲತದ. ಟಿವಿ ಕೆಳಗ ಇಡುವ ಉದ್ದನ್ನ ಸೌಂಡ್‌ಬಾರಿನಾಗ ಎಡ ಬಲ ಎರಡೂ ಒಂದೇ ಕೋಲಿನಾಗ ಸಮೀಪ ಇರೂದರಿಂದ ಈ ಬಿಡಿಬಿಡಿ ಅಷ್ಟು ಸಿಗೂದಿಲ್ಲ.

ಹಂಗಾದರ ಎಂಥಾದ್ದು ತರಬೇಕು? ಬೈಯೂದು ಸುಲಭ, ದಾರಿನೂ ಹೇಳಬೇಕಲ್ಲ. ಬಿಡಿ ಬಿಡಿಯಾದ ಎರಡು ಡಬ್ಬಿ ಇರಬೇಕು, ಒಂದೊಂದರಾಗ 4 ಇಲ್ಲವೆ 5 ಇಂಚಿನ ಒಂದು ಸ್ಪೀಕರು, ಅದರ ಮ್ಯಾಲ ತೆಳ್ಳನ್ನ ದನಿಗೆ ಸಣ್ಣ ಟ್ವೀಟರು. ಡಬ್ಬಿ ಕಟ್ಟಿಗಿದೋ, ಗಟ್ಟಿ ಹಲಗಿದೋ ಇರಲಿ. ಬೆರಳಿನಿಂದ ಬಡಿದರ ಡಬ್ ಅಂತ ಅಡಗಬೇಕು, ಖಾಲಿ ಡಬರಿಯಂಗ ಗಣಗಣ ಅನ್ನಬಾರದು. ಪೆನ್‌ಡ್ರೈವ್, ಎಫ್.ಎಂ., ಬ್ಲೂಟೂತ್ ಇರಲಿ. ಇವೆಲ್ಲಕ್ಕಿಂತ ಹೆಚ್ಚಿಗಿ ಹಿಂದ ಆಕ್ಸ್ ಅನ್ನುವ ತೂತು ಇದ್ದೇ ಇರಬೇಕು. ನಮ್ಮ ಮನಿಗಳ ಸಂದೂಕದಾಗ ಇನ್ನೂ ಕ್ಯಾಸೆಟ್ಟು ಬಿದ್ದಾವ, ಸತ್ತುಹೋದ ಹಾಡುಗಾರರ ದನಿ ಅದರಾಗ ಅದ. ಹಳೇ ಟೇಪ್ ರೆಕಾರ್ಡರಿಗೆ ವಾಯರ ಜೋಡಿಸಿ ಅದನ್ನ ಕೇಳಲಾಕ ಆ ತೂತು ಬೇಕು. ಲೈಟು ಮಿಣುಕೂದಕ್ಕ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಕಿವಿಗೆ ಕಣ್ಣಿಲ್ಲ.

ದುಕಾನದಾಗ ಅವರು ಹಚ್ಚಿದ ಹಾಡು ಕೇಳಬ್ಯಾಡ್ರಿ. ಅವರು ತಮ್ಮ ಡಬ್ಬಿಗೆ ಒಪ್ಪುವ ಗುದ್ದಿನ ಹಾಡನ್ನೇ ಹಚ್ಚತಾರ. ನಿಮ್ಮ ಪೆನ್‌ಡ್ರೈವಿನಾಗ ನಿಮಗ ಗೊತ್ತಿರುವ ಒಬ್ಬ ಮನುಷ್ಯನ ದನಿ ಒಯ್ರಿ. ಅದನ್ನ ಸಣ್ಣ ದನಿಯಾಗ ಹಚ್ಚಿ ಕೇಳ್ರಿ. ಸಣ್ಣ ದನಿಯಾಗೂ ಒಂದೊಂದು ಮಾತು ಬಿಡಿಸಿ ಕೇಳಿದರ ಆ ಸೆಟ್ಟು ನಿಮ್ಮದು. ಗುಂಡಿ ಏರಿಸಿದರಷ್ಟೇ ಚಂದ ಅನಿಸಿದರ ಅಲ್ಲೇ ಬಿಟ್ಟು ಬರ್ರಿ. ತೊಗರಿ ತಗೊಳ್ಳುವವ ಚೀಲದ ಗಾತ್ರ ನೋಡತಾನೇನು? ಕಾಳು ಬಾಯಿಗೆ ಹಾಕಿ ನೋಡತಾನ. 2022ರಲ್ಲಿ ತಾಂಡೂರು ತೊಗರಿಗೆ ಜಿಐ ಗುರುತು ಸಿಕ್ಕಿತು, ಅದು ಚೀಲ ನೋಡಿ ಕೊಟ್ಟದ್ದಲ್ಲ, ಕಾಳು ನೋಡಿ ಕೊಟ್ಟದ್ದು.

ತಂದ ಮ್ಯಾಲ ಇಡೂದರಾಗೇ ಅರ್ಧ ಕೆಲಸ ಅದ. ಸಜ್ಜಾದ ಮ್ಯಾಲ ಏರಸಬ್ಯಾಡ್ರಿ, ಮೂಲ್ಯಾಗ ತುರಕಬ್ಯಾಡ್ರಿ. ಮೂಲಿ ಬೇಸನ್ನ ಉಬ್ಬಸತದ. ಗ್ವಾಡಿಯಿಂದ ಒಂದು ಫೂಟಾದರೂ ಮುಂದ ತರ್ರಿ. ಎರಡು ಡಬ್ಬಿಯ ನಡುವ 5–6 ಫೂಟು ಇರಲಿ, ನೀವೂ ಎರಡರಿಂದ ಅಷ್ಟೇ ದೂರ ಕುಂದರ್ರಿ, ಮೂರು ಕಲ್ಲಿನ ಒಲಿಯಂಗ. ಟ್ವೀಟರು ಕಿವಿಯ ಮಟಕ್ಕ ಬರಬೇಕು. ಪ್ಯಾಟಿ ಮಂದಿ ಕುರ್ಚಿ ಮ್ಯಾಲ ಕುಂತು ಕೇಳತಾರ, ಅವರಿಗೆ ಮೂರು ಫೂಟು ಎತ್ತರ. ನಾವು ಚಾಪಿ ಮ್ಯಾಲ ಕುಂದರತೀವಿ, ನಮ್ಮ ಕಿವಿ ಎರಡೂವರೆ ಫೂಟಿಗೆ ಬರತದ. ಇಟ್ಟಂಗಿ ಹೇರಿ ಮ್ಯಾಲ ಒಂದು ಫರಸಿ ತುಂಡು ಇಟ್ಟರ ಸ್ಟ್ಯಾಂಡು ತಯಾರಾತು, ಡಬ್ಬಿಯ ಕೆಳಗ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕ್ರಿ. ವಾಯರ ಜೋಡಿಸುವಾಗ ಕೆಂಪಿಗೆ ಕೆಂಪು, ಕರಿಗೆ ಕರಿ. ಒಂದು ಡಬ್ಬಿಗೆ ಉಲ್ಟಾ ಆದರ ಬೇಸು ಮಾಯ ಆಗತದ, ನಡುವ ನಿಲ್ಲಬೇಕಾದ ದನಿ ಚದುರಿ ಹೋಗತದ. ಬಹಳ ಮಂದಿ ಇದು ತಿಳಿಯದೆ ಸೆಟ್ಟಿಗೆ ಬೈತಾರ. ಫರಸಿ ಮ್ಯಾಲ ಒಂದು ಜಮಖಾನಿ ಹಾಸ್ರಿ, ಬೆನ್ನ ಹಿಂದಿನ ಗ್ವಾಡಿಗೆ ಅವ್ವ ಹೊಲಿದ ದಪ್ಪ ಕೌದಿ ತೂಗಬಿಡ್ರಿ. ತೊಗರಿ ಚೀಲ ಮೂಲ್ಯಾಗೇ ಇರಲಿ, ಅವೂ ದನಿ ಹೀರತಾವ. ಆಮ್ಯಾಲ ಮತ್ತ ಚಪ್ಪಾಳಿ ಹೊಡೆದು ನೋಡ್ರಿ, ಬಾಲ ಕಡಿಮಿ ಆಗಿರತದ.

ನೆರೆಮನಿಯ ಮಾತೂ ಅದ. ನಮ್ಮ ಓಣ್ಯಾಗ ಒಂದು ಗ್ವಾಡಿ ಎರಡು ಮನಿಗೆ. ತೆಳ್ಳನ್ನ ದನಿ ಗ್ವಾಡಿಗೆ ನಿಲ್ಲತದ, ಗುದ್ದು ಗ್ವಾಡಿ ದಾಟತದ. ಆ ಕಡೆ ಹತ್ತನೇ ಕ್ಲಾಸಿನ ಹುಡುಗಿ ಓದುತಿರತಾಳ, ಬಾಣಂತಿ ಮಲಗಿರತಾಳ, ಅಜ್ಜ ಕೆಮ್ಮತಿರತಾನ. 2000ರ ಶಬ್ದ ಮಾಲಿನ್ಯ ನಿಯಮದಾಗ ವಸತಿ ಜಾಗಕ್ಕ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಅದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಾಗ 80 ಡೆಸಿಬಲ್ ದನಿಯನ್ನ ವಾರಕ್ಕ 40 ತಾಸು ಕೇಳಬಹುದು, 90 ಡೆಸಿಬಲ್ ಆದರ ಬರೇ 4 ತಾಸು. ಒಳಗಿವಿಯ ಸೂಕ್ಷ್ಮ ಕೂದಲು ಒಮ್ಮೆ ಸತ್ತರ ಮತ್ತ ಚಿಗಿಯೂದಿಲ್ಲ, ಅದು ಜ್ವಾಳದ ಕೂಳಿ ಅಲ್ಲ. ಹಂಗ ಕಿವಿ ಕೆಟ್ಟಾಗ ಮೊದಲು ಹೋಗೂದು ಅದೇ ತೆಳ್ಳನ್ನ ದನಿ, ಅಂದ್ರ ಮಾತಿನ ವ್ಯಂಜನ. ಮೊದಲು ಡಬ್ಬಿ ಮಾತು ನುಂಗತದ, ಆಮ್ಯಾಲ ಕಿವಿಯೇ ನುಂಗತದ.

ಸಣ್ಣ ದನಿಗೆ ತಾಕತ್ತಿಲ್ಲ ಅನ್ನುವವರು ಜಹೀರಾಬಾದಿನ ಬಾಜೂಕಿನ ಮಾಚನೂರು ನೆನಪು ಮಾಡಿಕೊಳ್ರಿ. 2008ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘದ ದಲಿತ ಹೆಣ್ಣುಮಕ್ಕಳು ಅಲ್ಲಿ ಸಂಘಂ ರೇಡಿಯೋ ಸುರು ಮಾಡಿದರು. ಬೀಜದ ಮಾತು, ಹೊಲದ ಮಾತು, ತಮ್ಮ ಹಾಡು ತಮ್ಮ ತೆಲುಗಿನಾಗೇ ಹೇಳಿದರು. ಅವರಿಗೆ ಊರು ನಡುಗಿಸುವ ಡಬ್ಬಿ ಬೇಕಾಗಲಿಲ್ಲ. ಮಾತು ತಿಳಿದರ ಸಾಕಿತ್ತು. ಅವರ ಭಾಷೆ ತೆಲುಗು, ನಮ್ಮದು ಕನ್ನಡ, ಕಿವಿ ಎಲ್ಲರದೂ ಒಂದೇ.

ಮಾಸ್ತರರಲ್ಲಿ ಒಂದು ಬೇಡಿಕಿ. ಶಾಲೆಗೆ ದಾನ ಕೊಡುವವರು ದೊಡ್ಡ ಡಬ್ಬಿ ಕೊಡ್ತೀವಿ ಅಂದರ, ಅದರ ಬದಲಿ ಎರಡು ಸಣ್ಣ ಡಬ್ಬಿ ಕೇಳಿ ಪಡೀರಿ. ನಮ್ಮ ವಾಚನಾಲಯದ ಖೋಲಿಯೂ ಸಣ್ಣದೇ. ಅಲ್ಲಿ ಇಂಥ ಒಂದು ಸೆಟ್ಟು ಇಟ್ಟು, ವಾರಕ್ಕ ಒಂದು ಸಂಜಿ ಹಿರಿಯರ ಕ್ಯಾಸೆಟ್ಟು ಹಚ್ಚಿ, ಮಕ್ಕಳಿಗೆ ಕೇಳಿಸಿ, ತಿಳಿದ ಮಾತು ಬರೆಸ್ರಿ. ತೆಲುಗು ಅಕ್ಷರದಾಗ ಬರೆದರೂ ನಡೀತದ, ಮಾತು ಕನ್ನಡದ್ದಿದ್ದರ ಸಾಕು. ಈ ಸಲ ತೊಗರಿ ಮಾರಿ ಪ್ಯಾಟಿಗೆ ಹೋಗುವವರು ಮೊದಲು ತಮ್ಮ ಖೋಲಿ ಅಳೆದು, ಅವ್ವನ ಒಂದು ಪದ ಮೊಬೈಲಿನಾಗ ರೆಕಾರ್ಡ್ ಮಾಡಿಕೊಂಡು ಹೋಗ್ರಿ. ಯಾವ ಡಬ್ಬಿಯಾಗ ಅವ್ವನ ಮಾತು ಪೂರಾ ತಿಳೀತದೋ ಅದಕ್ಕ ರೊಕ್ಕ ಕೊಡ್ರಿ.